ಠಣ್ ಎನ್ನುವ ತಟ್ಟೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದು ನಡೆದದ್ದೇ. ನಡೆಸಿದ್ದು ನನ್ನ ಬಾಯಿ.

ನಮ್ಮ ಪಾತ್ರೆ ಅಂಗಡಿಗೆ ಬಂದ ಕಂಚಿನ ತಟ್ಟೆಗಳಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಬೆರಳಲ್ಲಿ ಬಡಿದರೆ ಠಣ್ ಎನ್ನುವ ಬದಲು ದಬ್ ಎನ್ನುತ್ತಿದ್ದವು. ಬಡಿದು ನೋಡದೆ ಯಾರೂ ಕೊಳ್ಳುವುದಿಲ್ಲ. ಕಾಲೇಜಿನಲ್ಲಿ ನಾನು ಮಿಮಿಕ್ರಿ ಮಾಡುತ್ತಿದ್ದೆನೆಂದು ಸಾಹುಕಾರರಿಗೆ ಗೊತ್ತಿತ್ತು.

"ಗಿರಾಕಿ ಬಡಿದಾಗೆಲ್ಲ ಹಿಂದೆ ನಿಂತು ನೀನೇ ಠಣ್ ಅನ್ನು. ಇವತ್ತು ಅಷ್ಟೂ ತಟ್ಟೆ ಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ" ಎಂದಿದ್ದರು.

ಬೆಳಗ್ಗಿನಿಂದ ಠಣ್ ಎಂದು ಎಂದು ನನ್ನ ಗಂಟಲು ಒಣಗಿತ್ತು, ಕಾಲು ಸೋತಿತ್ತು. ಒಂದೇ ಒಂದು ತಟ್ಟೆ ಉಳಿದಿದ್ದಾಗ ಹೈಸ್ಕೂಲಿನ ನಿವೃತ್ತ ವಿಜ್ಞಾನ ಟೀಚರು ಬಂದರು. ತಟ್ಟೆಯನ್ನು ಬಡಿದರು. ನಾನು ಕಪಾಟಿಗೆ ಒರಗಿ, ಕಣ್ಣು ಮುಚ್ಚಿಕೊಂಡು, ತುಟಿ ಅಲುಗಿಸದೆ ಠಣ್ ಎಂದೆ.

"ನಾದ ಚೆನ್ನಾಗಿದೆಯಲ್ಲಪ್ಪ!"

"ಅಪ್ಪಟ ಕಂಚು, ಟೀಚರಮ್ಮ" ಎಂದರು ಸಾಹುಕಾರರು.

"ಬಡಿದ್ರೆ ನುಡಿಯೋದೇ ಲೋಹದ ಗುಣ ಅಂತ ಮೂವತ್ತು ವರ್ಷ ಪಾಠ ಮಾಡಿದೀನಿ. ಇನ್ನೊಂದ್ಸಲ ನೋಡ್ತೀನಿ, ತಾಳು."

ಬಡಿದರು. ಠಣ್ ಎಂದೆ. ಮತ್ತೆ ಬಡಿದರು. ನಿದ್ದೆಗಣ್ಣಲ್ಲೇ ಮತ್ತೆ ಠಣ್ ಎಂದೆ. ಯಾಕೋ ಅಂಗಡಿಯಲ್ಲಿ ಸದ್ದಡಗಿತು. ಕಣ್ಣು ಬಿಟ್ಟೆ.

ಟೀಚರಮ್ಮನ ಬೆರಳು ನೀಲಿ ಪ್ಲಾಸ್ಟಿಕ್ ಬಕೆಟ್ಟಿನ ಮೇಲಿತ್ತು.

ಗಿರಾಕಿಗಳೆಲ್ಲ ಗೊಳ್ಳೆಂದರು. "ತಟ್ಟೆ ಬೇಡ, ಈ ಕಂಚನ್ನೇ ಕಟ್ಟಿಕೊಡಪ್ಪ" ಎಂದು ಟೀಚರಮ್ಮ ಅವರೆಲ್ಲರಿಗಿಂತ ಜೋರಾಗಿ ನಕ್ಕರು.