ಎಲ್ಲರ ಹರಳು

ಪ್ರೋಟೀನಿನ ಹರಳು ಬೆಳೆದಿದೆ, ಬಂದು ನೋಡಿ ಎಂದು ಪ್ರಯೋಗಾಲಯದವರು ಕರೆದರೂ ನಿರ್ದೇಶಕಿಯ ಕುರ್ಚಿ ಬಿಟ್ಟು ಏಳಲಾಗದ ದಿನ, ನನಗೆ ಎಂ.ಕೆ. ಹುಬ್ಬಳ್ಳಿಯ ಶಾಲೆಯ ಸಕ್ಕರೆ ಪಾಕದ ವಾಸನೆ ನೆನಪಾಗುತ್ತದೆ.

ನಾನು ಅಲ್ಲಿ ಓದುತ್ತಿದ್ದಾಗ ಒಂದು ಮಧ್ಯಾಹ್ನ, ವಿಜ್ಞಾನ ಕಲಿಸುವ ಅಕ್ಕೋರು ಪಾತ್ರೆಯಲ್ಲಿ ಬಿಸಿ ಪಾಕ ತಂದು, ಕಲ್ಲುಸಕ್ಕರೆ ಬೆಳೆಸಲು ಒಬ್ಬೊಬ್ಬರ ಗ್ಲಾಸಿಗೂ ಸುರಿದು ದಾರ ಇಳಿಬಿಡಿಸತೊಡಗಿದರು. ನನ್ನ ಸರದಿಗೆ ಕಾಯುತ್ತ ನಾನೂ ದಾರ ಹಿಡಿದು ನಿಂತಿದ್ದೆ.

“ನೀ ಶ್ಯಾಣ್ಯಾಕಿ. ಎಲ್ಲಾರ ಗ್ಲಾಸ್ ನೋಡ್ಕೋ, ಯಾರೂ ಅಲಗಾಡಿಸಬಾರದು,” ಎಂದರು ಅಕ್ಕೋರು ನನಗೆ.

“ನಂದೂ ಒಂದು ಇಡತೇನ್ರಿ, ಅಕ್ಕೋರ.”

“ಆಮ್ಯಾಲ ಇಡು.”

ನೊಣ ಓಡಿಸಿ, ಜಗಳ ಬಿಡಿಸಿ ಬರುವಷ್ಟರಲ್ಲಿ ಪಾಕದ ಪಾತ್ರೆಯ ತಳದಲ್ಲಿ ಅಂಟು ಮಾತ್ರ ಉಳಿದಿತ್ತು.

ಸಂಜೆ ಅವ್ವ ಪಕ್ಕದ ಮನೆಯವರಿಗೆ, “ನಮ್ಮ ಹುಡುಗಿನ್ನ ಅಕ್ಕೋರು ಲೀಡರ್ ಮಾಡ್ಯಾರ್ರಿ,” ಎಂದಳು. ನಾನು ಊಟ ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿದೆ.

“ಖುಷಿಗೆ ಅಕಿಗೆ ಹಸಿವ ಇಲ್ಲ ನೋಡ್ರಿ,” ಎಂದಳು ಅವ್ವ.