ಅರ್ಧ ಟಿಲ್ಲರ್

ಮರಳೂರಿನ ವೆಲ್ಡಿಂಗ್ ಶಾಪಿನ ಮುಂದೆ ಹಾದರೆ, ಸುಟ್ಟ ಕಬ್ಬಿಣದ ವಾಸನೆಗೆ ಇವತ್ತಿಗೂ ನನ್ನ ಹಲ್ಲು ಜುಮ್ಮೆನ್ನುತ್ತದೆ.

ಗುಬ್ಬಿ ಹತ್ತಿರದ ನಮ್ಮೂರಲ್ಲಿ ಅಪ್ಪ, ಚಿಕ್ಕಪ್ಪ ಆಗಷ್ಟೇ ಭಾಗವಾಗಿದ್ದರು. ಹೊಲ, ದನ ಹಂಚಿಕೊಂಡಾಗಿತ್ತು. ಉಳುವ ಪವರ್ ಟಿಲ್ಲರ್ ಮಾತ್ರ ಒಂದೇ ಇತ್ತು. ಆ ಮಧ್ಯಾಹ್ನ ಅಪ್ಪ ಅದನ್ನು ಹೊಲಕ್ಕೆ ಹೊರಡಿಸುವಾಗ ಚಿಕ್ಕಪ್ಪ ಮನೆಯೊಳಗಿಂದ ವೈರು ಎಳೆದು, ಕಬ್ಬಿಣ ಕೊಯ್ಯುವ ಮಷೀನು ಹಿಡಿದು ಬಂದ.

"ಅರ್ಧ ನಂದು ಕಣಣ್ಣ. ಕುಯ್ಕಂಡೋಯ್ತೀನಿ."

ತಡೆಯಹೋದ ಅಪ್ಪನನ್ನು ನೂಕಿದ. ಟಿಲ್ಲರಿನ ಕಬ್ಬಿಣದ ಚಕ್ರಕ್ಕೆ ಬಡಿದು ಅಪ್ಪನ ಹಣೆ ಒಡೆಯಿತು. ಮಷೀನು ಕಿರುಚಿತು, ಟಿಲ್ಲರಿನ ಹಿಡಿಯಿಂದ ಕಿಡಿಗಳು ಅಂಗಳದ ತುಂಬ ಸಿಡಿದವು.

ಅಜ್ಜಿ ಓಡಿಬಂದು ಆ ಹಿಡಿಯ ಮೇಲೆ ಕತ್ತು ಚಾಚಿದಳು. "ಮೊದ್ಲು ನನ್ನ ಕುಯ್ಯಿ ಮಗ, ಇಬ್ರಿಗೂ ಸಮ ಬರಂಗೆ."

ಚಿಕ್ಕಪ್ಪ ಮಷೀನು ನಿಲ್ಲಿಸಲಿಲ್ಲ.

"ಅತ್ಲಾಗೆ ಸರ್ಕಳವ್ವ," ಎಂದ. "ಸೀರೆಗೆ ಕಿಡಿ ಹಾರುತ್ತೆ."