ಯಂತ್ರದ ಕೈಗೆ ತುರಿಕೆ

"ನನ್ನಾಣೆ ಅತ್ತಿಗೆ, ಒಂದಕ್ಷರ ಸುಳ್ಳಿಲ್ಲ. ಒಳಗಡೆ ಯಂತ್ರದ ಕೈ ಇದೆಯಲ್ಲ, ನಿಮ್ಮ ಲಾಂಡ್ರಿ ಸೋಪು ಮುಟ್ಟಿದ್ದೇ ತಡ, ಅದಕ್ಕೂ ತುರಿಕೆ ಶುರುವಾಯ್ತು!" ಎಂದ ಮೈದುನ, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ.

ಪ್ರಯೋಗಾಲಯದ ಬಾಗಿಲ ಹೊರಗೆ ಸರದಿ ಕಾಯುತ್ತ ಕೂತಿದ್ದ ಅತ್ತಿಗೆ ಎದ್ದು ಮನೆಗೆ ಹೊರಡುವುದರಲ್ಲಿದ್ದಳು. ಲಾಂಡ್ರಿಯಲ್ಲಿ ಒಗೆದೊಗೆದು ಚರ್ಮ ಸುಲಿದ ಕೈಗಳನ್ನು ಚೀಲದಡಿ ಬಚ್ಚಿಟ್ಟಿದ್ದಳು. ಮೊದಲು ದೊಡ್ಡ ಕಂಪನಿಗಳಿಗಷ್ಟೇ ದುಡಿಯುತ್ತಿದ್ದ, ಯಂತ್ರಗಳೇ ಪರೀಕ್ಷೆ ನಡೆಸುವ ಈ ಪ್ರಯೋಗಾಲಯ ಈಗ ಯಾರು ಬಂದು ಕೇಳಿದರೂ ಪರೀಕ್ಷೆ ಮಾಡಿಕೊಡುತ್ತಿತ್ತು. ಸೋಪಿನಲ್ಲಿ ಕೈ ಸುಡುವುದು ಯಾವುದು, ಅದಿಲ್ಲದೆಯೂ ಕೊಳೆ ಹೋಗುತ್ತದೆಯೇ ಎಂದು ತಿಳಿಯಲು ಅವಳು ಚೀಲದಲ್ಲಿ ಸೋಪಿನ ತುಂಡೊಂದನ್ನು ಹಾಕಿಕೊಂಡು ಬಂದಿದ್ದಳು.

"ಓದಿದವರ ಜಾಗ ಕಣಪ್ಪಾ ಇದು. ನನ್ನ ಕೈ ನೋಡಿ ನಕ್ಕರೆ?"

"ನಗೋದಾ? ಪಾಪ, ಆ ಯಂತ್ರಕ್ಕೆ ಕೆರ್ಕೊಳ್ಳೋಣ ಅಂದ್ರೆ ಉಗುರಿಲ್ಲ. ಗೋಡೆಗೆ ಉಜ್ಜಿ ಉಜ್ಜಿ ಸುಣ್ಣವೆಲ್ಲ ಉದುರಿಸಿದೆ. 'ನಿಮ್ಮತ್ತಿಗೇನ ಬೇಗ ಕರ್ಕೊಂಡು ಬಾರಪ್ಪಾ' ಅಂತ ಒಂದೇ ಸಮನೆ ಅಳು!"

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಎರಡೂ ಕೈ ಹೊರಬಂದವು. ಒಂದು ಬಾಯಿ ಮುಚ್ಚಿತು, ಇನ್ನೊಂದು ಮೈದುನನ ಬೆನ್ನಿಗೆ ಗುದ್ದಿತು. ಅಷ್ಟರಲ್ಲಿ ಬಾಗಿಲು ತೆರೆದು, "ಮುಂದಿನವರು ಬನ್ನಿ" ಎಂಬ ಕರೆ ಬಂತು.

"ಅಷ್ಟೇ ಅಲ್ಲ ಅತ್ತಿಗೆ, ಆಮೇಲೆ ಅದು ನನ್ನ ಹೆಗಲ ಮೇಲೆ—"

ಚೀಲವನ್ನು ಕುರ್ಚಿಯಲ್ಲೇ ಬಿಟ್ಟು, ಸೋಪಿನ ತುಂಡನ್ನು ಬರಿಗೈಯಲ್ಲಿ ಎತ್ತಿ ಹಿಡಿದು, ಅವಳು ಆಗಲೇ ಬಾಗಿಲು ದಾಟಿದ್ದಳು.